ಕೂಸು ಮಲಗದ ರಾತ್ರಿಗೆ ತಾಯಿಯೊಬ್ಬಳೇ ಯಾಕೆ ಹೊಣೆ?

ಸೊಲ್ಲಾಪುರದಿಂದ ವಾಡಿಯ ಕಡೆಗೆ ಹೊರಟ ರೈಲು ಅಕ್ಕಲಕೋಟ ರೋಡ್ ದಾಟಿದ ಮೇಲೆ ಸಿಗುವ ಸಣ್ಣ ನಿಲ್ದಾಣ ನಾಗಣಸೂರ. ಆಡಳಿತ ಮಹಾರಾಷ್ಟ್ರದ್ದು, ಮನೆಮಾತು ಕನ್ನಡ. ಈ ಊರಲ್ಲಾಗಲಿ, ಅಕ್ಕಲಕೋಟ ತಾಲ್ಲೂಕಿನ ಬೇರೆ ಯಾವ ಕನ್ನಡದ ಊರಲ್ಲಾಗಲಿ ಬಾಣಂತಿಯನ್ನು ಮಾತಾಡಿಸಲು ಬಂದವರು ತಪ್ಪದೆ ಕೇಳುವ ಮಾತೊಂದಿದೆ: 'ಕೂಸು ರಾತ್ರಿ ಮಲಗತದೇನ?' ಇಲ್ಲ ಎಂದರೆ ತೀರ್ಪು ತಡವಾಗುವುದಿಲ್ಲ. 'ನೆದರ ಆಗೇದ.' 'ಹಾಲ ಸಾಲವಲ್ದು.' 'ಎತ್ತಿ ಎತ್ತಿ ರೂಢಿ ಮಾಡ್ಯಾಳ.' 'ಈಗಿನ ಹುಡುಗ್ಯಾರಿಗೆ ಕೂಸು ಸಂಭಾಳಸೂದು ಎಲ್ಲಿ ಗೊತ್ತು?' ಮೊದಲನೆಯದನ್ನು ಬಿಟ್ಟರೆ ಉಳಿದವೆಲ್ಲ ಹೋಗಿ ತಗಲುವುದು ತಾಯಿಗೇ.

ಅದೇ ತಾಯಿ ಬೆಳಿಗ್ಗೆ ಐದಕ್ಕೆ ಎದ್ದು ನೀರು ತುಂಬಬೇಕು, ರೊಟ್ಟಿ ಬಡಿಯಬೇಕು, ತೊಗರಿ ಹೊಲಕ್ಕೋ ಕಬ್ಬಿನ ಗದ್ದೆಗೋ ಹೋಗಬೇಕು. ಸೊಲ್ಲಾಪುರ ಸೇರಿದವಳಾದರೆ ಬೀಡಿ ಕಟ್ಟಬೇಕು. ಮೂರು ತಾಸಿನ ತುಂಡು ನಿದ್ದೆಯ ಮೇಲೆ ಇಡೀ ದಿನದ ದುಡಿಮೆ ಮಾಡುತ್ತಿರುವವಳಿಗೆ ನಿನ್ನ ಕೂಸು ಮಲಗದಿರುವುದು ನಿನ್ನದೇ ತಪ್ಪು ಎನ್ನುವುದು ಅನ್ಯಾಯ. ವೈದ್ಯಶಾಸ್ತ್ರದ ಲೆಕ್ಕದಲ್ಲಿಯೂ ಅದು ಸುಳ್ಳು.

ಕೂಸಿನ ನಿದ್ದೆ ದೊಡ್ಡವರ ನಿದ್ದೆಯಂತೆ ಇರುವುದಿಲ್ಲ. ಹುಟ್ಟಿದ ಮೊದಲ ವಾರಗಳಲ್ಲಿ ಅದಕ್ಕೆ ಹಗಲು ರಾತ್ರಿಯ ಭೇದವೇ ಗೊತ್ತಿರುವುದಿಲ್ಲ. ದೇಹದೊಳಗಿನ ಗಡಿಯಾರ ಕೂಡಿಕೊಳ್ಳುವುದಕ್ಕೆ ಎರಡರಿಂದ ನಾಲ್ಕು ತಿಂಗಳು ಬೇಕು. ದೊಡ್ಡವರ ಒಂದು ನಿದ್ರಾಚಕ್ರ ಸುಮಾರು ಒಂದೂವರೆ ತಾಸಿನದಾದರೆ ಕೂಸಿನದು ಐವತ್ತು ನಿಮಿಷದ ಆಸುಪಾಸು. ಒಂದೊಂದು ಚಕ್ರ ಮುಗಿದಾಗಲೂ ಅದು ಅರೆಎಚ್ಚರಕ್ಕೆ ಬರುತ್ತದೆ. ಕೆಲವು ಕೂಸುಗಳು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತವೆ, ಕೆಲವು ಕೂಗಿ ಕರೆಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಮೂರು ತಿಂಗಳೊಳಗಿನ ಕೂಸಿಗೆ ದಿನಕ್ಕೆ 14ರಿಂದ 17 ತಾಸು, ನಾಲ್ಕರಿಂದ ಹನ್ನೊಂದು ತಿಂಗಳಿನವರೆಗೆ 12ರಿಂದ 16, ಒಂದೆರಡು ವರ್ಷದ ಮಗುವಿಗೆ 11ರಿಂದ 14, ಮೂರು ನಾಲ್ಕು ವರ್ಷದ್ದಕ್ಕೆ 10ರಿಂದ 13 ತಾಸು ನಿದ್ದೆ ಬೇಕು. ಇದು ಹಗಲಿನ ಸಣ್ಣ ನಿದ್ದೆಗಳೂ ಸೇರಿದ ಲೆಕ್ಕ. ಒಂದೇ ಪಟ್ಟಿಗೆ ಬೆಳಗಿನವರೆಗೆ ಮಲಗಬೇಕೆಂದು ಅದರಲ್ಲಿ ಎಲ್ಲಿಯೂ ಹೇಳಿಲ್ಲ.

ಕೆನಡಾದ ಸಂಶೋಧಕರು 2018ರಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಮ್ಮ ಕಡೆಯ ಪ್ರತಿ ಅತ್ತೆಯೂ ಪ್ರತಿ ಗಂಡನೂ ಕೇಳಿಸಿಕೊಳ್ಳಬೇಕು. ಆರು ತಿಂಗಳ ಕೂಸುಗಳಲ್ಲಿ ಶೇ. 38ರಷ್ಟು ಸತತ ಆರು ತಾಸು ಮಲಗುತ್ತಿರಲಿಲ್ಲ. ವರ್ಷ ತುಂಬಿದ ಮೇಲೂ ಶೇ. 28ರಷ್ಟು ಮಕ್ಕಳ ಕಥೆ ಅದೇ. ರಾತ್ರಿ ಏಳುತ್ತಿದ್ದ ಮಕ್ಕಳು ಬುದ್ಧಿಯಲ್ಲಿ, ಮೈಕೈ ಚಲನೆಯಲ್ಲಿ ಉಳಿದವರಿಗಿಂತ ಹಿಂದೆ ಬಿದ್ದಿರಲಿಲ್ಲ. ಅಲ್ಲಿನ ಎಷ್ಟೋ ಮನೆಗಳಲ್ಲಿ ಪ್ರತ್ಯೇಕ ಕೋಣೆ, ಹವಾನಿಯಂತ್ರಣ, ಮೆತ್ತನೆಯ ಮಂಚ ಎಲ್ಲವೂ ಇರುತ್ತವೆ. ಏಪ್ರಿಲ್ ಮೇ ತಿಂಗಳಲ್ಲಿ ಪಾರಾ 42 ಡಿಗ್ರಿ ದಾಟುವ ಸೊಲ್ಲಾಪುರ ಜಿಲ್ಲೆಯಲ್ಲಿ, ಪತ್ರಾ ಹೊದಿಸಿದ ಮನೆಯಲ್ಲಿ, ಕರೆಂಟು ಹೋದ ನಡುರಾತ್ರಿ ಬೆವರಿ ಎದ್ದ ಕೂಸನ್ನು ಹಟಮಾರಿ ಎಂದು ಕರೆಯುವುದು ಎಷ್ಟು ಸರಿ?

ಕೂಸನ್ನು ಹೇಗಾದರೂ ಮಲಗಿಸಲೇಬೇಕಾದ ಬಡತನದ ಇತಿಹಾಸ ಈ ಸೀಮೆಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಸೊಲ್ಲಾಪುರಕ್ಕೆ ಮೊದಲ ಬಟ್ಟೆ ಗಿರಣಿ ಬಂತು. ಜನ ಅದನ್ನು ಕರೆದದ್ದು ಜುನೀ ಮಿಲ್ ಎಂದೇ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಗಿರಣಿ ಕೆಲಸಕ್ಕೆ ಹೋದರು. ಕೂಸನ್ನು ಬಿಡಲು ಜಾಗವಿರಲಿಲ್ಲ. ಇಂಥದೇ ಪಾಡಿನಲ್ಲಿದ್ದ ಮುಂಬಯಿಯ ಗಿರಣಿ ಕೆಲಸಗಾರ್ತಿಯರ ಸ್ಥಿತಿಗತಿಯನ್ನು 1922ರಲ್ಲಿ ಪರಿಶೀಲಿಸಿದ ವೈದ್ಯೆ ಡಾ. ಬಾರ್ನ್ಸ್ ಕಂಡದ್ದು ಎದೆ ನಡುಗಿಸುವಂಥದ್ದು: ಹೆಚ್ಚುಕಡಿಮೆ ಎಲ್ಲ ಕೂಸುಗಳಿಗೂ ಅಫೀಮು ಕೊಡಲಾಗುತ್ತಿತ್ತು. ಅದಕ್ಕೆ 'ಬಾಳಗೋಳಿ' ಎಂಬ ಮುದ್ದಿನ ಹೆಸರೂ ಇತ್ತು. ತಾಯಿ ಪಾಳಿ ಮುಗಿಸಿ ಬರುವ ತನಕ ಕೂಸು ಏಳದಿರಲಿ ಎಂದು ನಾಲಿಗೆಗೆ ಒಂದು ಗುಳಿಗೆ. ಹಸಿವೆಯ ಅಳುವೂ ಅದರೊಂದಿಗೆ ಅಡಗುತ್ತಿತ್ತು, ಕೂಸು ಸೊರಗುತ್ತಿತ್ತು. ಆ ತಾಯಂದಿರು ಕ್ರೂರಿಗಳಾಗಿರಲಿಲ್ಲ, ಅವರ ಬಳಿ ಬೇರೆ ದಾರಿ ಇರಲಿಲ್ಲ. ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಶಿಶುಗೃಹ ಕಡ್ಡಾಯ ಎಂದು ಕಾಯಿದೆ ಬಂದದ್ದು 1948ರಲ್ಲಿ.

ಅಫೀಮಿನ ಗುಳಿಗೆ ಹೋಯಿತು. ಅದರ ಜಾಗಕ್ಕೆ ಬಂದ ಬಾಟಲಿಗಳ ಬಗ್ಗೆ ಯಾರೂ ಅಷ್ಟು ಗಟ್ಟಿಯಾಗಿ ಮಾತಾಡುವುದಿಲ್ಲ.

ನೆಗಡಿ ಔಷಧ ಕುಡಿಸಿದರೆ ಕೂಸು ತೂಕಡಿಸುತ್ತದೆ ಎಂಬುದು ಊರಿಗೆಲ್ಲ ಗೊತ್ತು. ನೆಗಡಿ ಇಲ್ಲದಿದ್ದರೂ 'ಅರ್ಧ ಚಮಚ' ಹಾಕುವವರಿದ್ದಾರೆ, ಚೀಟಿ ಇಲ್ಲದೆ ಅದನ್ನು ಕೊಡುವ ಅಂಗಡಿಗಳೂ ಇವೆ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಬೆರೆತ ಸಿರಪ್ಪುಗಳನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು, ಹಾಗೆಂದು ಲೇಬಲ್ ಮೇಲೆ ಅಚ್ಚುಹಾಕಬೇಕು ಎಂದು ದೇಶದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಆದೇಶಿಸಿದ್ದಾರೆ. ಪ್ರೊಮೆಥಜಿನ್ ಎಂಬ ಇನ್ನೊಂದು ಔಷಧ ಎರಡು ವರ್ಷದೊಳಗಿನ ಮಗುವಿನ ಉಸಿರನ್ನೇ ನಿಲ್ಲಿಸಬಹುದು ಎಂದು ಅಮೆರಿಕದ ಔಷಧ ಸಂಸ್ಥೆ 2004ರಲ್ಲೇ ಎಚ್ಚರಿಸಿತ್ತು. ಮನೆಮದ್ದಿಗೂ ಇದೇ ಮಾತು ಸಲ್ಲುತ್ತದೆ. ಸಾಣೆಕಲ್ಲಿನ ಮೇಲೆ ಜಾಜಿಕಾಯಿ, ಬಜೆ ತೇಯ್ದು ನೆಕ್ಕಿಸುವ 'ಗುಟಿ' ಗಡಿಯ ಎರಡೂ ಬದಿಯ ಮನೆಗಳಲ್ಲಿ ನಡೆದುಕೊಂಡು ಬಂದಿದೆ. ಜಾಜಿಕಾಯಿಯಲ್ಲಿರುವ ಮಿರಿಸ್ಟಿಸಿನ್ ನೇರವಾಗಿ ಮಿದುಳಿನ ಮೇಲೆ ಕೆಲಸ ಮಾಡುವ ವಸ್ತು. ಎರಡು ಸುತ್ತು ತೇಯ್ದರೆಷ್ಟು, ಹತ್ತು ಸುತ್ತು ತೇಯ್ದರೆಷ್ಟು ಎಂಬ ಅಳತೆ ಯಾರ ಕೈಯಲ್ಲೂ ಇಲ್ಲ. ಮೊದಲ ಆರು ತಿಂಗಳು ಎದೆಹಾಲಿನ ಹೊರತು ನೀರೂ ಬೇಡ ಎನ್ನುವಾಗ ಈ ಗುಟಿಗೆ ಜಾಗವೆಲ್ಲಿ?

ಹಾಗಾದರೆ ರಾತ್ರಿ ಎದ್ದು ಅಳುವ ಮಗುವನ್ನೆಲ್ಲ 'ಇದು ಸಹಜ' ಎಂದು ಬಿಟ್ಟುಬಿಡಬೇಕೆ? ಖಂಡಿತ ಇಲ್ಲ. ನಿದ್ದೆ ಕೆಡಿಸುವ, ಚಿಕಿತ್ಸೆ ಇರುವ ಕಾರಣಗಳು ಹಲವಿವೆ. ಅವುಗಳಲ್ಲಿ ಸೊಲ್ಲಾಪುರದ ಮನೆಗಳಿಗೆ ತೀರ ಹತ್ತಿರದ್ದು ರಕ್ತಹೀನತೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು 2019ರಿಂದ 2021ರ ನಡುವೆ ನಡೆಯಿತು. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಮಹಾರಾಷ್ಟ್ರದಲ್ಲಿ ಶೇ. 68.9, ಕರ್ನಾಟಕದಲ್ಲಿ ಶೇ. 65.5 ಮಕ್ಕಳು ರಕ್ತಹೀನರು ಎಂದು ಅದು ಹೇಳಿತು. ಮೂರರಲ್ಲಿ ಎರಡು ಮಕ್ಕಳು ಎಂದಾಯಿತು. ಕಬ್ಬಿಣದ ಕೊರತೆಗೂ ನಿದ್ದೆಗೂ ಇರುವ ನಂಟನ್ನು ಚಿಲಿ ದೇಶದ ಸಂಶೋಧಕರು ವರ್ಷಗಟ್ಟಲೆ ಕೂಸುಗಳ ನಿದ್ದೆಯನ್ನು ಅಳೆದು ತೋರಿಸಿದ್ದಾರೆ. ಮಿದುಳಿನಲ್ಲಿ ಡೋಪಮೈನ್ ತಯಾರಾಗಲು ಕಬ್ಬಿಣ ಬೇಕು. ಅದು ಕಡಿಮೆಯಾದರೆ ಮಲಗಿದಾಗ ಕಾಲಲ್ಲಿ ಏನೋ ಹರಿದಾಡಿದಂತಾಗಬಹುದು, ಆಗ ಮಗು ಒದೆಯುತ್ತದೆ, ಹೊರಳುತ್ತದೆ, ಹಾಸಿಗೆಯ ಒಂದು ಮೂಲೆಯಲ್ಲಿ ಮಲಗಿದ್ದು ಬೆಳಿಗ್ಗೆ ಇನ್ನೊಂದು ಮೂಲೆಯಲ್ಲಿ ಇರುತ್ತದೆ. ಎರಡು ವರ್ಷದ ಮಗು 'ನನ್ನ ಕಾಲು ಜುಮ್ಮೆನ್ನುತ್ತದೆ' ಎಂದು ಹೇಗೆ ಹೇಳೀತು? ಅಳುತ್ತದೆ, ಅಷ್ಟೆ.

ಇಲ್ಲೊಂದು ಸುಳಿ ಇದೆ. ಮಗು ಅಳುತ್ತದೆ ಎಂದು ರಾತ್ರಿಯೆಲ್ಲ ಬಾಟಲಿಯಲ್ಲಿ ಎಮ್ಮೆಹಾಲು. ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಬೇರೆ ಊಟದ ಕಬ್ಬಿಣ ರಕ್ತಕ್ಕೆ ಸೇರುವುದನ್ನೂ ಅದರ ಸುಣ್ಣದಂಶ ತಡೆಯುತ್ತದೆ. ಹೊಟ್ಟೆ ತುಂಬಿದ ಮಗು ಹಗಲು ರೊಟ್ಟಿ ಪಲ್ಲೆ ಮುಟ್ಟುವುದಿಲ್ಲ. ಸಂಜೆ ದೊಡ್ಡವರ ಜೊತೆ ಚಹಾದಲ್ಲಿ ಬಿಸ್ಕೀಟು ಅದ್ದಿ ತಿನ್ನುತ್ತದೆ. ಚಹಾದ ಟ್ಯಾನಿನ್ ಕಬ್ಬಿಣವನ್ನು ಇನ್ನಷ್ಟು ತಡೆದರೆ ಅದರ ಕೆಫೀನ್ ನೇರವಾಗಿ ನಿದ್ದೆಯನ್ನೇ ಓಡಿಸುತ್ತದೆ. ರಾತ್ರಿ ಮತ್ತೆ ಎಚ್ಚರ, ಮತ್ತೆ ಬಾಟಲಿ. ಹಲ್ಲು ಹುಳುಕು ಬೇರೆ. ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಬೇಡ, ಚಹಾ ಬೇಡವೇ ಬೇಡ ಎಂದು ಮಕ್ಕಳ ವೈದ್ಯರು ಹೇಳುವುದು ಇದಕ್ಕೇ. ಬೇಳೆಕಟ್ಟಿನಲ್ಲಿ ಕಿವುಚಿದ ಜೋಳದ ರೊಟ್ಟಿ, ರಾಜಗಿರಿ ಪಲ್ಲೆ, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಜೊತೆಗೆ ನಾಲ್ಕು ಹನಿ ನಿಂಬೆಹುಳಿ: ಮದ್ದಿನ ಒಂದು ಪಾಲು ಅಡಿಗೆಮನೆಯಲ್ಲೇ ಇದೆ. ಇನ್ನೊಂದು ಪಾಲು ಆಶಾ ಕಾರ್ಯಕರ್ತೆಯ ಚೀಲದಲ್ಲಿದೆ. 2018ರಲ್ಲಿ ಶುರುವಾದ 'ಅನೀಮಿಯಾ ಮುಕ್ತ ಭಾರತ'ದಡಿ ಆರು ತಿಂಗಳಿನಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಸಲ ಒಂದು ಮಿಲಿ ಕಬ್ಬಿಣದ ಸಿರಪ್ ಸಿಗಬೇಕು. ಮಲ ಕಪ್ಪಾಗುತ್ತದೆಂದು ಹೆದರಿ ಎಷ್ಟೋ ಮನೆಗಳಲ್ಲಿ ಆ ಸೀಸೆ ಮಾಡದಲ್ಲೇ ಉಳಿಯುತ್ತದೆ. ಕಪ್ಪಾಗುವುದು ಕಬ್ಬಿಣದ ಗುಣ, ಅದರಿಂದ ಅಪಾಯವಿಲ್ಲ ಎಂದು ಕನ್ನಡದಲ್ಲಿ ಯಾರಾದರೂ ಕೂತು ಹೇಳಬೇಕು.

ಉಳಿದ ಕಾರಣಗಳನ್ನು ಬೇಗ ಹೇಳಿ ಮುಗಿಸಬಹುದು. ರಾತ್ರಿ ಕುಂಡೆ ಕೆರೆದುಕೊಂಡು ಅಳುವ ಮಗುವಿಗೆ ಜಂತುಹುಳು ಇರಬಹುದು. ಬೆರಳ ಸಂದಿನಲ್ಲಿ ತುರಿಯಿದ್ದರೆ ಕಜ್ಜಿ. ಅದಕ್ಕೆ ಮನೆಮಂದಿಯೆಲ್ಲ ಒಟ್ಟಿಗೆ ಮುಲಾಮು ಹಚ್ಚದಿದ್ದರೆ ಹೋಗುವುದಿಲ್ಲ. ಬಾಯಿ ತೆರೆದು ದಿನಾ ಗೊರಕೆ ಹೊಡೆಯುವ, ನಡುನಡುವೆ ಉಸಿರು ಕಟ್ಟಿದಂತಾಗುವ ಮಗುವನ್ನು 'ಗಡದ್ದಾಗಿ ಮಲಗ್ಯದ' ಎಂದು ಬಿಡುವಂತಿಲ್ಲ, ಮೂಗಿನ ಹಿಂದಿನ ಗ್ರಂಥಿ ಊದಿರಬಹುದು. ಇಂಥ ಮಗುವನ್ನು ಅಕ್ಕಲಕೋಟದಲ್ಲೋ ಸೊಲ್ಲಾಪುರದ ಸಿವಿಲ್ ಆಸ್ಪತ್ರೆಯಲ್ಲೋ ತೋರಿಸಲೇಬೇಕು.

ಎರಡು ಮೂರು ವರ್ಷದ ಮೇಲೆ ಇನ್ನೊಂದು ಗಾಬರಿ ಶುರುವಾಗುತ್ತದೆ. ಮಲಗಿದ ಒಂದೆರಡು ತಾಸಿಗೆ ಮಗು ಚಿಟ್ಟನೆ ಚೀರಿ ಎದ್ದು ಕೂರುತ್ತದೆ. ಕಣ್ಣು ತೆರೆದಿರುತ್ತವೆ, ತಾಯಿಯ ಗುರುತು ಹತ್ತುವುದಿಲ್ಲ, ಮೈಯೆಲ್ಲ ಬೆವರು. ಮನೆಯವರು 'ಗಾಳಿ ಸೋಕ್ಯದ' ಎನ್ನದೆ ಇರುವುದು ಕಷ್ಟ. ಇದು ಆಳ ನಿದ್ದೆಯಿಂದ ಅರ್ಧ ಮಾತ್ರ ಎಚ್ಚರವಾದ ಸ್ಥಿತಿ, ವೈದ್ಯರು ಇದನ್ನು ನಿದ್ರಾಭೀತಿ ಎನ್ನುತ್ತಾರೆ. ಮಗುವಿಗೆ ಬೆಳಿಗ್ಗೆ ಇದರ ನೆನಪೂ ಇರುವುದಿಲ್ಲ. ಎಬ್ಬಿಸಲು ಅಲುಗಾಡಿಸಬಾರದು, ಮುಖಕ್ಕೆ ನೀರು ಹೊಡೆಯಬಾರದು, ಬಿದ್ದು ಪೆಟ್ಟಾಗದಂತೆ ಹತ್ತಿರ ಕೂತರೆ ಸಾಕು. ಕೆಲವು ನಿಮಿಷದಲ್ಲಿ ತಾನಾಗಿ ಮಲಗುತ್ತದೆ. ನಿದ್ದೆಗೆಟ್ಟ ದಿನಗಳಲ್ಲಿ, ಜ್ವರ ಬಂದಾಗ ಇದು ಹೆಚ್ಚು, ಬೆಳೆದಂತೆ ಬಹುತೇಕ ಮಕ್ಕಳಲ್ಲಿ ನಿಂತುಹೋಗುತ್ತದೆ. ಮಠಕ್ಕೋ ದರ್ಗಾಕ್ಕೋ ಹೋಗಿ ದಾರ ಕಟ್ಟಿಸಿಕೊಂಡು ಬಂದರೆ ತಾಯಿಯ ಮನಸ್ಸಿಗೆ ಧೈರ್ಯ ಬರಬಹುದು, ಅದರಲ್ಲಿ ಜಗಳವಿಲ್ಲ. ದಾರವನ್ನು ಕೊರಳಿಗೆ ಕಟ್ಟಬಾರದು, ನಿದ್ದೆಯಲ್ಲಿ ಉರುಳಾಗುತ್ತದೆ. ಬರೆ ಹಾಕುವುದಂತೂ ಮಗುವಿನ ಮೇಲೆ ನಡೆಸುವ ಹಿಂಸೆ. ಅದನ್ನು ಯಾವ ಭಕ್ತಿಯ ಹೆಸರಿನಲ್ಲಿಯೂ ಸಹಿಸಲಾಗದು.

ಹಿರಿಯರು ಸಂಪಾದಿಸಿಟ್ಟ ಒಳ್ಳೆಯದನ್ನೂ ನಾವು ಕೈಬಿಡುತ್ತಿದ್ದೇವೆ ಎಂಬುದು ಈ ವಿಷಯದಲ್ಲಿ ಹೆಚ್ಚು ನೋಯಿಸುವ ಸಂಗತಿ. ಅಮೆರಿಕದ ಜೋಡಿ ಮಿಂಡೆಲ್ ಮತ್ತು ಸಂಗಡಿಗರು 2009ರಲ್ಲಿ 405 ತಾಯಂದಿರು ಮತ್ತು ಅವರ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ದಿನಾ ರಾತ್ರಿ ಒಂದೇ ಕ್ರಮ: ಸ್ನಾನ, ಮೈ ನೀವುವುದು, ಮುದ್ದು, ಲಾಲಿಹಾಡು, ಆಮೇಲೆ ದೀಪ ಆರಿಸುವುದು. ಎರಡೇ ವಾರದಲ್ಲಿ ಮಕ್ಕಳು ಬೇಗ ಮಲಗಿದವು, ರಾತ್ರಿ ಏಳುವುದು ಕಡಿಮೆಯಾಯಿತು, ತಾಯಂದಿರ ಮನಸ್ಸೂ ಹಗುರಾಯಿತು. ಓದಿದವರಿಗೆ ಅಜ್ಜಿಯ ನೆನಪು ಬಾರದಿರದು. ಎಣ್ಣೆ ಹಚ್ಚಿ ನೀವಿ, ಎರೆದು, ಬಟ್ಟೆ ಸುತ್ತಿ, ತೊಟ್ಟಿಲಿಗೆ ಹಾಕಿ ಜೋಗುಳ ಹಾಡುವ ಅದೇ ಕ್ರಮ. ಎರೆಯುವ ಹೊತ್ತನ್ನು ಮಧ್ಯಾಹ್ನದಿಂದ ಸಂಜೆಗೆ ಬದಲಿಸಿಕೊಂಡರೆ ಆ ಪ್ರಯೋಗದ ಬಹುಪಾಲು ನಮ್ಮ ಮನೆಯಲ್ಲೇ ನಡೆದಂತೆ. ಡಾ. ಅನುಪಮಾ ನಿರಂಜನ ಅವರು 'ದಿನಕ್ಕೊಂದು ಕಥೆ' ಎಂದು ಹನ್ನೆರಡು ಸಂಪುಟಗಳಲ್ಲಿ ವರ್ಷವಿಡೀ ಸಾಲುವಷ್ಟು ಕಥೆ ಕಟ್ಟಿಕೊಟ್ಟರು. ವೈದ್ಯೆಯಾಗಿದ್ದವರು ಅವರು, ಮಲಗುವ ಮುಂಚಿನ ಕಥೆಯ ಬೆಲೆ ಅವರಿಗೆ ತಿಳಿದಿತ್ತು. ನಾಗಣಸೂರದ ಕನ್ನಡ ಶಾಲೆಗೆ ಹೋಗುವ ಅಕ್ಕನೋ ಅಣ್ಣನೋ ತಂಗಿಗೆ ದಿನಕ್ಕೊಂದು ಓದಿ ಹೇಳಿದರೆ ಕನ್ನಡವೂ ಉಳಿದೀತು.

ಇದರ ಜಾಗದಲ್ಲಿ ಇಂದು ಕೂಸಿನ ಮುಖದ ಮುಂದೆ ಮೊಬೈಲು ಬೆಳಗುತ್ತಿದೆ. ಅದರ ಬೆಳಕು ಮೆಲಟೋನಿನ್ ಸ್ರವಿಸುವುದನ್ನು ತಡೆಯುತ್ತದೆ; ರಾತ್ರಿಯಾಯಿತೆಂದು ದೇಹಕ್ಕೆ ಹೇಳುವ ರಸವೇ ಅದು. ಎರಡು ವರ್ಷ ತುಂಬುವ ತನಕ ತೆರೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಅಳಲು ಬಿಟ್ಟರೆ ತಾನೇ ಕಲಿಯುತ್ತದೆ ಎಂಬ ಪಾಶ್ಚಾತ್ಯ ವಾದವೊಂದಿದೆ. ಆಸ್ಟ್ರೇಲಿಯಾದಲ್ಲಿ ಮೆಲ್ಲಮೆಲ್ಲನೆ ರೂಢಿಸುವ ವಿಧಾನವನ್ನು ಪರೀಕ್ಷಿಸಿ ಮಕ್ಕಳಿಗೆ ಆರು ವರ್ಷವಾಗುವವರೆಗೆ ಗಮನಿಸಿದಾಗ ಹಾನಿಯೂ ಕಾಣಲಿಲ್ಲ, ದೀರ್ಘಕಾಲದ ಲಾಭವೂ ಕಾಣಲಿಲ್ಲ. ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆಗೆ ಅದು ಹೊಂದುವ ಮಾತೂ ಅಲ್ಲ. ಕೂಸು ತಾಯಿಯ ಹತ್ತಿರವೇ ಮಲಗಲಿ. ಅಂಗಾತ ಮಲಗಿಸಬೇಕು, ದಪ್ಪ ದಿಂಬು ರಗ್ಗು ಮುಖದ ಬಳಿ ಇರಬಾರದು, ಬೀಡಿ ಸೇದುವವರು, ಕುಡಿದವರು ಆ ಹಾಸಿಗೆಯಲ್ಲಿರಬಾರದು. ಇಷ್ಟು ಎಚ್ಚರ ಸಾಕು.

ಇನ್ನು ತಾಯಿಯ ಮಾತು. ಹೆರಿಗೆಯಾದ ಭಾರತೀಯ ಹೆಣ್ಣುಮಕ್ಕಳಲ್ಲಿ ಶೇ. 22ರಷ್ಟು ಮಂದಿ ಖಿನ್ನತೆ ಅನುಭವಿಸುತ್ತಾರೆ ಎಂದು ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದ 2017ರ ವರದಿಯೊಂದು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದಿದೆ. ತಿಂಗಳುಗಟ್ಟಲೆ ನಿದ್ದೆಗೆಡುವುದು ಅದರ ಬೆಂಕಿಗೆ ಎಣ್ಣೆ. ಕೂಸು ಮಲಗಿದ ಮೇಲೂ ತಾಯಿಗೆ ನಿದ್ದೆ ಬರುತ್ತಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ, ಕೂಸನ್ನು ಕಂಡರೆ ಏನೂ ಅನ್ನಿಸುತ್ತಿಲ್ಲ ಎಂದರೆ ಮನೆಯವರು ತಡಮಾಡಬಾರದು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ, ಹಗಲು ರಾತ್ರಿ ಎತ್ತುತ್ತಾರೆ, ಮರಾಠಿ ಮತ್ತು ಕನ್ನಡ ಎರಡರಲ್ಲೂ ಮಾತಾಡುವ ಏರ್ಪಾಡಿದೆ.

ಗಂಡಸರ ಪಾಲೂ ಇದೆ. ಹೊಲಕ್ಕೆ ರಾತ್ರಿ ಪಾಳಿಯ ಕರೆಂಟು ಬಂದಾಗ ಮೋಟರು ಹಾಕಲು ಏಳುವ ಗಂಡ, ತನ್ನ ಕೂಸಿಗಾಗಿ ಏಳಲಾರ ಎಂದೇನಿಲ್ಲ. ಹಾಲು ಕುಡಿಸುವುದು ತಾಯಿಯಿಂದ ಮಾತ್ರ ಆಗುವ ಕೆಲಸ. ತೇಗಿಸುವುದು, ಬಟ್ಟೆ ಬದಲಿಸುವುದು, ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ಅಡ್ಡಾಡುವುದು ಯಾರಿಂದಲೂ ಆಗುತ್ತದೆ. ರಾತ್ರಿ ಒಂಬತ್ತರಿಂದ ಎರಡರ ತನಕ ಒಬ್ಬರು, ಆಮೇಲೆ ಇನ್ನೊಬ್ಬರು ಎಂದು ಪಾಳಿ ಹಾಕಿಕೊಂಡರೆ ತಾಯಿಗೆ ಸತತ ನಾಲ್ಕೈದು ತಾಸಾದರೂ ನಿದ್ದೆ ಸಿಗುತ್ತದೆ. ಅತ್ತೆಗೂ ಇದರಲ್ಲಿ ಒಂದು ಪಾಳಿ ಇರಲಿ.

ಸರಕಾರ ಮಾಡಬೇಕಾದದ್ದು ಎರಡು. ಗಡಿಯಾಚೆ ಕರ್ನಾಟಕ 2023ರಲ್ಲಿ ಗ್ರಾಮ ಪಂಚಾಯಿತಿ ಮಟ್ಟದ 'ಕೂಸಿನ ಮನೆ' ಯೋಜನೆ ಘೋಷಿಸಿ, ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ಹೆಂಗಸರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೆಲಸ ಆರಂಭಿಸಿತು. ಹೊತ್ತಿಗೆ ಸರಿಯಾಗಿ ಹಗಲು ಉಂಡು ಮಲಗುವ ಮಗುವಿನ ರಾತ್ರಿಯೂ ನೆಟ್ಟಗಾಗುತ್ತದೆ. ಆಳಂದ, ಅಫಜಲಪುರಕ್ಕೆ ಅಂಟಿಕೊಂಡೇ ಇರುವ ಅಕ್ಕಲಕೋಟದ ಹಳ್ಳಿಗಳಿಗೂ ಅಂಥದ್ದು ಬೇಕು. ಕಬ್ಬು ಕಡಿಯುವ ಹಂಗಾಮಿನಲ್ಲಿ ನಸುಕಿನ ನಾಲ್ಕಕ್ಕೆ ಮಕ್ಕಳನ್ನೂ ಎಬ್ಬಿಸಿ ಗದ್ದೆಯ ಬದುವಿಗೆ ಒಯ್ಯುವ ಕುಟುಂಬಗಳಿಗಂತೂ ಮೊದಲು ಬೇಕು. ಅಷ್ಟೊಂದು ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆಗೆ ಇದು ಹೊರೆಯಾಗಲಾರದು.

ಎರಡನೆಯದಕ್ಕೆ ಹೊಸ ಹಣವೇ ಬೇಡ. ಕೂಸು ಹುಟ್ಟಿದ ಮೊದಲ 42 ದಿನಗಳಲ್ಲಿ ಆಶಾ ಕಾರ್ಯಕರ್ತೆ ಆರೇಳು ಸಲ, ಆಮೇಲೆ ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದನೆಯ ತಿಂಗಳಿಗೆ ಮನೆಗೆ ಬರಬೇಕೆಂಬ ನಿಯಮವಿದೆ. ಆಹಾರ, ಆರೋಗ್ಯ, ಬೆಳವಣಿಗೆ, ಸ್ವಚ್ಛತೆ ಎಂಬ ನಾಲ್ಕು ತಲೆಬರಹಗಳ ಕೆಳಗೆ ಆಕೆ ವಿಚಾರಿಸುತ್ತಾಳೆ. ನಿದ್ದೆಗೆ ಅಲ್ಲಿ ಪ್ರತ್ಯೇಕ ತಲೆಬರಹವಿಲ್ಲ. ಕೂಸು ಹೇಗೆ ಮಲಗುತ್ತದೆ, ಮಲಗಿಸಲು ಏನನ್ನಾದರೂ ಕುಡಿಸುತ್ತಿದ್ದೀರಾ, ಕಬ್ಬಿಣದ ಸಿರಪ್ ಹಾಕುತ್ತಿದ್ದೀರಾ, ತಾಯಿ ಎಷ್ಟು ತಾಸು ಮಲಗುತ್ತಾಳೆ, ರಾತ್ರಿ ಕೂಸಿಗಾಗಿ ಇನ್ನಾರು ಏಳುತ್ತಾರೆ: ಈ ಐದು ಪ್ರಶ್ನೆಗಳನ್ನು ಸೊಲ್ಲಾಪುರ ಜಿಲ್ಲಾ ಪರಿಷತ್ತು ಆಕೆಯ ಕೈಪಟ್ಟಿಗೆ ಸೇರಿಸಬಹುದು. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳಿಗೆ ಅದು ಕನ್ನಡದಲ್ಲಿಯೂ ಅಚ್ಚಾಗಲಿ. ದಶಕಗಳಿಂದ ಕನ್ನಡ ಶಾಲೆಗಳನ್ನು ನಡೆಸಿಕೊಂಡು ಬಂದಿರುವ ಜಿಲ್ಲಾ ಪರಿಷತ್ತಿಗೆ ಕನ್ನಡದ ಒಂದು ಪುಟ ಕಷ್ಟವಲ್ಲ. ಐದನೆಯ ಪ್ರಶ್ನೆ ಕೇಳುವಾಗ ಗಂಡನೂ ಎದುರಿಗೆ ಕೂತಿರುವಂತೆ ಆ ಭೇಟಿಯನ್ನು ಸಂಜೆಗೆ ಇಟ್ಟುಕೊಳ್ಳಲಿ.